ಮನೆಯಲ್ಲೇ ತಲೆ ಬಾಗಿ ಬಾ, ಕೂಸೇ

ನನ್ನ ಕುರ್ಚಿಯಲ್ಲಿ ಈಗ ಕೂತಿರುವವಳು ಹೋದ ವಾರ ಫೋನ್ ಮಾಡಿ, "ಅಕ್ಕ, ನಿಂಗ ಮಾಡಿದ ಕೆಲಸ ಹೇಗಿತ್ತು ಅಂತ ಒಂದಿಷ್ಟು ಬರೆದು ಕೊಡಿ. ಮುಂದ ಬರುವವರಿಗೆ ಬೇಕು" ಎಂದಳು. ಅವಳ ಕಡೆಯ ಮಾತಿನಲ್ಲಿ 'ನಿಂಗ' ಎಂದರೆ ನೀವು. ಮಾತೇ ಕಸುಬಾಗಿದ್ದವಳಿಗೆ ನಾಲ್ಕು ಹಾಳೆ ಬರೆಯುವುದು ಏನು ಮಹಾ ಎಂದು ಒಪ್ಪಿಕೊಂಡೆ. ಕೂತ ಮೇಲೆ ಗೊತ್ತಾಯಿತು, ಬಾಯಿ ಓಡಿದ ಹಾಗೆ ಕೈ ಓಡುವುದಿಲ್ಲ. ಮೂರು ಸಲ ಟೀ ಕಾಸಿ ಕುಡಿದಾಯಿತು, ಬೆಕ್ಕಿಗೆ ಹಾಲು ಹಾಕಿದ್ದಾಯಿತು, ಇನ್ನು ನೆಪವಿಲ್ಲ.

ನನ್ನ ಹೆಸರು ಮಹದೇವಮ್ಮ. ಊರು ಗಡಿಯಾಚೆ, ಊಟಿ ಬೆಟ್ಟದ ಬುಡದ ಮಸಿನಗುಡಿ. ಅಪ್ಪ ಅಲ್ಲಿನ ಕರೆಂಟ್ ತಯಾರಿಸುವ ಕ್ಯಾಂಪಿನಲ್ಲಿ ಕೆಲಸಕ್ಕಿದ್ದರು. ನಾನು ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದವಳು, ಅದಕ್ಕೇ ಈ ಕನ್ನಡ. ಊಟಿಯಲ್ಲಿ ಒಂದು ಸಣ್ಣ ಟ್ರಸ್ಟಿನವರು ನಡೆಸುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ತಲೆ ನರೆಸಿಕೊಂಡೆ. ಕೆಲಸ ಹುಡುಕುವ ಹುಡುಗ ಹುಡುಗಿಯರನ್ನು ಇಂಟರ್ವ್ಯೂಗೆ ತಯಾರು ಮಾಡುವುದು, ಕೆಲಸ ಸಿಕ್ಕ ಮೇಲೆ ಅಲ್ಲಿ ತಡವರಿಸಿದರೆ ಬೆನ್ನಿಗೆ ನಿಲ್ಲುವುದು, ಇಷ್ಟೇ ನನ್ನ ಉದ್ಯೋಗ. ನನ್ನ ಅವ್ವನಿಗೆ ಕೊನೆಯವರೆಗೂ ಇದು ಅರ್ಥವಾಗಲಿಲ್ಲ.

"ಕೆಲ್ಸ ಕೊಡುಸ್ತಿಯಾ ಅವುರ್ಗ?"

"ಇಲ್ಲ ಕಣವ್ವ."

"ಪಾಠ ಮಾಡ್ತಿಯಾ?"

"ಅದೂ ಅಲ್ಲ."

"ಮತ್ತ ಸಂಬ್ಳ ಯಾತುಕ್ ಕೊಟ್ಟರು ನಿಂಗ?"

ಒಂದು ದಿನ ಸಾಕಾಗಿ, "ಹೆದ್ರಿಕಂಡ್ ಬರೋರ ಜೊತ್ಗ ಕೂತ್ಕತೀನಿ, ಅದುಕ್ಕೇ ಸಂಬ್ಳ" ಎಂದೆ. ಅವ್ವ "ಅಂಗಾದ್ರ ಸರಿ ಬುಡು" ಎಂದಳು. ಈಗ ಯೋಚಿಸಿದರೆ ಅದಕ್ಕಿಂತ ಸರಿಯಾದ ವಿವರಣೆ ನನ್ನ ಕೈಯಲ್ಲಿ ಇವತ್ತಿಗೂ ಇಲ್ಲ.

ನಮ್ಮ ಕೇಂದ್ರ ಒಂದು ಬೇಕರಿಯ ಮಹಡಿಯ ಮೇಲಿತ್ತು. ಬೆಳಗಾದರೆ ಕೆಳಗಿನಿಂದ ವರ್ಕಿ, ಅಂದರೆ ಊಟಿಯ ಪದರು ಪದರಾದ ಬಿಸ್ಕತ್ತು, ಬೇಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೊದಲ ಬಸ್ಸು ಹಿಡಿದು ಬಂದ ಮಕ್ಕಳು ಅದನ್ನು ಮೂಸಿ ಸಂಕಟಪಡುತ್ತಿದ್ದರು. ತಿಂದು ಬಂದಿದ್ದೀರಾ ಎಂದರೆ ಎಲ್ಲರೂ ತಲೆ ಆಡಿಸುವವರೇ, ಹೊಟ್ಟೆ ಮಾತ್ರ ಬೇರೆ ಹೇಳುತ್ತಿತ್ತು. ಹೊಸಬರೇ, ನನ್ನಿಂದ ಒಂದೇ ಮಾತು ಕೇಳುವುದಾದರೆ ಇದನ್ನು ಕೇಳಿ: ಹಸಿದವರಿಗೆ ಪ್ರಶ್ನೆ ಕೇಳಬೇಡಿ. ಮೊದಲು ಒಂದು ವರ್ಕಿ, ಒಂದು ಲೋಟ ಟೀ. ಮುಂದಿನದು ಆಮೇಲೆ.

ನನ್ನ ಮೇಲಿದ್ದವರು ಮೇಜರ್ ಸಾಹೇಬರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ಬೆಟ್ಟದ ಮೇಲಿನ ವೆಲಿಂಗ್ಟನ್ ದಂಡಿನ ಹತ್ತಿರ ಮನೆ ಮಾಡಿಕೊಂಡಿದ್ದರು. ಕೇಂದ್ರದ ಮುಖ್ಯಸ್ಥರಾಗಿ ಅವರಿಗೆ ಇದ್ದದ್ದು ಒಂದೇ ಸಿದ್ಧಾಂತ. "ಮಹದೇವಮ್ಮ, ಮನುಷ್ಯನ ಯೋಗ್ಯತೆ ಗೊತ್ತಾಗೋದು ಕೈ ಕುಲುಕಿದಾಗ. ಗಟ್ಟಿಯಾಗಿ ಹಿಡಿಯೋಕೆ ಹೇಳಿಕೊಡಿ. ಮಿಕ್ಕಿದ್ದು ತಾನಾಗಿ ಬರುತ್ತೆ." ಹೀಗಾಗಿ ನನ್ನ ಮೊದಲ ವರ್ಷಗಳೆಲ್ಲ ಊಟಿಯ ಚಳಿಯಲ್ಲಿ ಮಕ್ಕಳ ತಣ್ಣನೆಯ ಕೈ ಹಿಡಿದು ಕುಲುಕುವುದರಲ್ಲೇ ಕಳೆದವು. ನಡುವಟ್ಟಂ ಕಡೆಯ ಒಬ್ಬ ಹುಡುಗಿ, ಚಿಕ್ಕಂದಿನಿಂದ ಸೌದೆ ಒಡೆದ ಕೈ, ಒಂದು ಹೋಟೆಲಿನ ಇಂಟರ್ವ್ಯೂಗೆ ಹೋಗಿ ಮ್ಯಾನೇಜರ ಕೈಯನ್ನು ನಾವು ಹೇಳಿಕೊಟ್ಟ ಹಾಗೆಯೇ ಹಿಡಿದಳು. ಆತ ಬೆರಳಿಗೆ ಉಂಗುರ ಹಾಕಿದ್ದ. ಸಂಜೆ ಸಾಹೇಬರು ಉತ್ಸಾಹದಿಂದ, "ಆ ಹುಡುಗಿಗೆ ಏನು ಸಿಕ್ಕಿತು?" ಎಂದು ಕೇಳಿದರು. "ಅವಳಿಗೇನೂ ಸಿಗಲಿಲ್ಲ ಸಾರ್, ಅವರಿಗೆ ಬ್ಯಾಂಡೇಜ್ ಸಿಕ್ಕಿತು" ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಮಕ್ಕಳಿಗೆ ಇಂಟರ್ವ್ಯೂ ಇದ್ದ ದಿನ ಸಾಹೇಬರು ತಮ್ಮ ಹಳೆಯ ಕಾರಿನಲ್ಲಿ ಅದೇ ರಸ್ತೆಯಲ್ಲಿ ನಿಂತಿರುತ್ತಿದ್ದರು. ಕಂಡು ಮಾತಾಡಿಸಿದರೆ, "ಟೈರಿಗೆ ಗಾಳಿ ಹಾಕಿಸೋಕೆ ಬಂದೆ" ಎನ್ನುವರು. ಆ ಕಾರಿನ ಟೈರಿಗೆ ಅಷ್ಟು ಗಾಳಿ ಹೋಗಿದ್ದರೆ ಅದು ಹಾರಿಯೇ ಬಿಡುತ್ತಿತ್ತು. ಕೆಲಸ ಸಿಗದೆ ಬಂದ ಮಗುವನ್ನು ಅದರಲ್ಲೇ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡುವರು, ದಾರಿಯಲ್ಲಿ ಒಂದು ಮಾತೂ ಆಡದೆ. ಆ ಮೌನವನ್ನು ನಾನು ಅವರಿಂದ ಕಲಿತೆ. ಸೋತು ಬಂದವರಿಗೆ ತಕ್ಷಣ ಬುದ್ಧಿ ಹೇಳಬಾರದು.

ಕೈ ಕುಲುಕುವುದಕ್ಕಿಂತ ದೊಡ್ಡ ಫಜೀತಿ ತಲೆಯದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಬಹಳ ಮಂದಿ ಈ ಬೆಟ್ಟದ ಬೇಸಾಯದ ಜನವಾದ ಬಡಗರ ಹಟ್ಟಿಗಳವರು. ನಮ್ಮ ಮನೆಗಳಲ್ಲಿ ಹಿರಿಯರ ಕಾಲು ಮುಟ್ಟಿದ ಹಾಗೆ, ಅವರಲ್ಲಿ ಕಿರಿಯರು ಹಿರಿಯರ ಮುಂದೆ ತಲೆ ಬಾಗಿಸಿ ನಿಲ್ಲುತ್ತಾರೆ. ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹರಸಿ ಮುಗಿಯುವ ತನಕ ತಲೆ ಮೇಲೇಳುವುದಿಲ್ಲ. ಮದುವೆಮನೆಯಿರಲಿ, ದಾರಿಯಿರಲಿ, ಬಸ್ಸಿನ ಸಾಲಿರಲಿ, ತಲೆ ಬಾಗಿತೆಂದರೆ ಕೈ ಬರಲೇಬೇಕು. ನೋಡಲು ಚೆಂದ. ಆದರೆ ಇಂಟರ್ವ್ಯೂ ಕೋಣೆಯಲ್ಲಿ ಮೇಜಿನ ಆಚೆ ಕೂತವರು ಕೊಯಮತ್ತೂರಿನವರೋ ಚೆನ್ನೈನವರೋ ಆಗಿರುತ್ತಾರೆ. ಗಾಬರಿಯಲ್ಲಿ ಒಳಗೆ ಹೋದ ಮಗು, ಕಲಿಸಿದ್ದೆಲ್ಲ ಮರೆತು, ನರೆತ ತಲೆಯೊಂದು ಕಂಡ ಕೂಡಲೇ ತನ್ನ ತಲೆ ಬಾಗಿಸಿ ನಿಂತುಬಿಡುತ್ತದೆ. ಕೈ ಬರುವುದಿಲ್ಲ, ತಲೆ ಏಳುವುದಿಲ್ಲ. ಒಬ್ಬ ಮಹಾನುಭಾವರು ಹುಡುಗಿಯದು ಏನೋ ಬಿದ್ದಿದೆ ಎಂದುಕೊಂಡು ತಾವೂ ಬಗ್ಗಿ ಮೇಜಿನ ಕೆಳಗೆ ಹುಡುಕಿದರಂತೆ.

ನಾನು ಇದರ ಮೇಲೆ ಯುದ್ಧವನ್ನೇ ಸಾರಿದೆ. ಬಾಗಿಲಿನಿಂದ ಮೇಜಿನ ತನಕ ನಡೆಸುವುದು, ತಲೆ ಒಂದಿಷ್ಟು ಇಳಿದರೂ "ತಲೆ ಎತ್ತು" ಎಂದು ಗದರುವುದು. ಒಂದೊಂದು ಮಗುವಿಗೆ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ. ಕೊನೆಗೆ ಕೋತಗಿರಿಯಿಂದ ಗೂಡಲೂರಿನ ತನಕ ನನಗೆ 'ತಲೆ ಎತ್ತು ಅಕ್ಕ' ಎಂದೇ ಹೆಸರಾಯಿತು. ಹಿಂದಿನಿಂದ ಕರೆಯುತ್ತಿದ್ದರು, ನನಗೆ ಕೇಳಿಸದು ಎಂದುಕೊಂಡು.

ಈಗ ರೇವತಿಯ ಕಥೆ. ಉಳಿದದ್ದನ್ನು ಓದದಿದ್ದರೂ ಇದನ್ನು ಓದಿ.

ರೇವತಿ ಕೋತಗಿರಿಯಿಂದ ಆಚೆ ಒಂದು ಹಟ್ಟಿಯ ಹುಡುಗಿ. ತಂದೆ ಇಲ್ಲ. ಅವ್ವೆ ತಮ್ಮದೇ ಚೂರು ಟೀ ತೋಟದಲ್ಲಿ ಎಲೆ ಕಿತ್ತು ಫ್ಯಾಕ್ಟರಿಗೆ ಹಾಕುತ್ತಿದ್ದಳು. ಸಾಕಿದ್ದು ಹೆತ್ತೆ, ಅಂದರೆ ಅಜ್ಜಿ. ಹುಡುಗಿ ಟೀ ತಯಾರಿಕೆಯ ಕೋರ್ಸೊಂದನ್ನು ಮುಗಿಸಿದ್ದಳು. ಫ್ಯಾಕ್ಟರಿಯ ಒಳಗೆ, ಎಲೆ ಬಾಡಿಸುವಲ್ಲಿ, ಅರೆಯುವಲ್ಲಿ, ಒಣಗಿಸುವಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ನಮ್ಮ ಬೆಟ್ಟದಲ್ಲಿ ಎಲೆ ಕೀಳುವುದು ಹೆಂಗಸರು, ಟೀ ಮಾಡುವುದು ಗಂಡಸರು. ಎರಡು ಫ್ಯಾಕ್ಟರಿಯವರು ಆಗಲೇ ಅವಳನ್ನು ಪ್ಯಾಕಿಂಗಿಗೆ ಬೇಕಾದರೆ ಬಾ ಎಂದು ಕಳಿಸಿದ್ದರು. ಅವಳ ಒಡಹುಟ್ಟಿದ ಅಕ್ಕ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಳು, ಅಲ್ಲಿ ಇವಳಿಗೂ ಜಾಗ ಹೇಳಿಯಾಗಿತ್ತು.

"ಇನ್ನ ಒಂದೇ ಸಲ ಅಂತ ಅವ್ವೆ ಹೇಳಿದ್ದಾಳೆ ಅಕ್ಕ. ಇದು ಆಗದಿದ್ದರ ತಿರುಪ್ಪೂರೇ" ಎಂದಳು ಮೊದಲ ದಿನ, ವರ್ಕಿ ಮುರಿಯುತ್ತ.

"ಪ್ಯಾಕಿಂಗ್ ಆದ್ರೂ ಊರತ್ರನೇ ಅಲ್ವಾ ಕೂಸೇ? ಸೇರ್ಕಂಡ್ರ ಏನಾಯ್ತು?"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಹೆತ್ತೆ ಎಲೆ ಕಿತ್ತಳು. ಅವ್ವೆ ಎಲೆ ಕೀಳುತ್ತಾಳೆ. ಆ ಎಲೆ ಗೇಟಿನ ಒಳಗ ಹೋಗಿ ಏನಾಗುತ್ತೆ ಅಂತ ಇಬ್ಬರೂ ನೋಡಿಲ್ಲೆ. ಎನಗ ಒಳಗ ಹೋಗಬೇಕು ಅಕ್ಕ."

ನಾನು "ತಲೆ ಎತ್ತಿ ಹೇಳು" ಎಂದೆ. ಎತ್ತಿ ಹೇಳಿದಳು. ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಸ್ಪಷ್ಟ. ಈ ಹುಡುಗಿಗೆ ಕೆಲಸ ಸಿಗಲೇಬೇಕು ಎಂದು ನಾನು ಆವತ್ತೇ ಹಟಕ್ಕೆ ಬಿದ್ದೆ. ಇಂಥ ಹಟ ನಮ್ಮ ಕೆಲಸದಲ್ಲಿ ಒಳ್ಳೆಯದಲ್ಲ, ಹೊಸಬರು ಇದನ್ನು ಕಲಿಯಬೇಡಿ. ಆದರೆ ಬಿದ್ದಾಗಿತ್ತು.

ಮೂರನೆಯದು ಸಣ್ಣ ಬೆಳೆಗಾರರು ಒಂದಷ್ಟು ಜನ ಸೇರಿ ನಡೆಸುತ್ತಿದ್ದ ಫ್ಯಾಕ್ಟರಿ. ಅಧ್ಯಕ್ಷರು ಬಡಗರ ಹಿರಿಯರು, ಎಲ್ಲರೂ ಗೌಡರು ಎಂದೇ ಕರೆಯುತ್ತಿದ್ದರು. ಮ್ಯಾನೇಜರ್ ಕೊಯಮತ್ತೂರಿನವರು. ಇಂಟರ್ವ್ಯೂ ಮಾಡುವವರು ಈ ಇಬ್ಬರು, ಜೊತೆಗೆ ಹೊರಗಿನಿಂದ ಕರೆಸಿದ ಒಬ್ಬ ಅನುಭವಿ ಹೆಂಗಸು. ಅಲ್ಲೊಂದು ಕಟ್ಟುನಿಟ್ಟು: ಅಧ್ಯಕ್ಷರ, ಸದಸ್ಯರ ಸಂಬಂಧಿಕರಿಗೆ ಕೆಲಸವಿಲ್ಲ. ಮೊದಲು ತಮ್ಮ ತಮ್ಮವರನ್ನೇ ತುಂಬಿಕೊಂಡರು ಎಂಬ ಗೊಣಗಾಟವಾಗಿ ಈ ನಿಯಮ ಮಾಡಿದ್ದರಂತೆ. ರೇವತಿಗೂ ಗೌಡರಿಗೂ ಎತ್ತಣಿಂದ ಎತ್ತಲೂ ನಂಟಿರಲಿಲ್ಲ. ಬೇರೆ ಹಟ್ಟಿ, ಬೇರೆ ಮನೆತನ, ಮುಖವನ್ನೂ ನೋಡಿದವಳಲ್ಲ. ನನಗೆ ಯಾವ ಚಿಂತೆಯೂ ಇರಲಿಲ್ಲ.

ಆ ದಿನ ನಾನೂ ಜೊತೆಗೆ ಹೋಗಿದ್ದೆ. ಫ್ಯಾಕ್ಟರಿಯ ಮುಂದೆ ಲಾರಿಯಿಂದ ಹಸಿ ಎಲೆ ಇಳಿಸುತ್ತಿದ್ದರು. ಒಳಗಿನಿಂದ ಬಿಸಿ ಟೀಯ ವಾಸನೆ. ರೇವತಿ ಗೇಟು ದಾಟುತ್ತಲೇ ಮೂಗು ಅರಳಿಸಿ ಒಂದು ಸಲ ಉಸಿರೆಳೆದಳು. ಆಫೀಸಿನ ಬಾಗಿಲಿಗೆ ಗಾಜಿತ್ತು. ಹೆಸರು ಕರೆದಾಗ ನಾನು ಯಾವಾಗಲೂ ಹೇಳುವ ಹಾಗೆ "ನಿಧಾನಕ್ಕ ಮಾತಾಡು ಕೂಸೇ" ಎಂದು ಬೆನ್ನು ತಟ್ಟಿ ಒಳಗೆ ಕಳಿಸಿ, ಬೆಂಚಿನಲ್ಲಿ ಕೂತು ಗಾಜಿನೊಳಗೆ ನೋಡುತ್ತಿದ್ದೆ.

ಅವಳು ನಡೆದು ಹೋದದ್ದು ಚೆನ್ನಾಗಿತ್ತು. ಬೆನ್ನು ನೇರ, ಹೆಜ್ಜೆ ಸರಿ. ಮ್ಯಾನೇಜರಿಗೆ ನಮಸ್ಕಾರ, ಆ ಹೆಂಗಸಿಗೆ ನಮಸ್ಕಾರ. ಆಮೇಲೆ ನಡುವೆ ಕೂತಿದ್ದ ಗೌಡರ ಕಡೆ ತಿರುಗಿದಳು. ಬಿಳಿ ಪೇಟ, ಹೆಗಲ ಮೇಲೆ ಶಾಲು, ತುಂಬು ಮುಪ್ಪು. ಇವಳ ತಲೆ ಬಾಗಿಯೇ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ನನಗೆ ಹೊಸದಲ್ಲ. ಗೌಡರು ಒಂದು ಗಳಿಗೆ ಸುಮ್ಮನೆ ಕೂತಿದ್ದರು. ಆಚೀಚೆ ನೋಡಿದರು. ಅವರ ಕೈ ಮೇಜಿನ ಮೇಲೆ ಮೊದಲು ಮುಷ್ಟಿಯಾಯಿತು, ಆಮೇಲೆ ಬಿಚ್ಚಿಕೊಂಡಿತು. ಎದ್ದು, ಮೇಜಿನ ಮೇಲಿಂದ ಮುಂದೆ ಬಾಗಿ, ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ತುಟಿ ಅಲುಗಿಸುತ್ತ ಪೂರ್ತಿಯಾಗಿ ಹರಸಿದರು. ಪಕ್ಕದಲ್ಲಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಟ್ಟುನಿಟ್ಟಿನ ನೆನಪಾಗಿ ನಾನು ಬೆಂಚಿನಿಂದ ಎದ್ದು ನಿಂತೆ.

ಸ್ವಲ್ಪ ಹೊತ್ತಿಗೆ ರೇವತಿ ಹೊರಗೆ ಬಂದಳು. ಹಿಂದೆಯೇ ಮ್ಯಾನೇಜರ್. ಅವರು ನನ್ನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ, ಸಿಟ್ಟಿಗಿಂತ ಬೇಸರದಿಂದಲೇ ಕೇಳಿದರು. "ಏನಮ್ಮಾ ಇದು? ಅಧ್ಯಕ್ಷರ ಮನೆ ಹುಡುಗಿ ಅಂತ ಮೊದಲೇ ಹೇಳಬಾರದಾ? ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡ್ತಾರೆ, ನಾವು ಪಕ್ಕದಲ್ಲಿ ಕೂತು ಮಾರ್ಕು ಹಾಕಬೇಕಾ?"

ನಾನು ಅದು ನಂಟಸ್ತಿಕೆಯಲ್ಲ, ಅವರ ಪದ್ಧತಿ ಎಂದೆ. ಯಾವ ಮಗು ಬಾಗಿದರೂ ಯಾವ ಹಿರಿಯರೂ ಕೈಯಿಡುತ್ತಾರೆ ಎಂದೆ. ಅವರು ಕೇಳಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ. ಆದರೆ, "ನಾನು ನಂಬಬಹುದು ಅಮ್ಮಾ. ನಾಳೆ ಹೊರಗೆ ನಿಂತ ಜನಕ್ಕೆ ಯಾರು ಹೇಳ್ತಾರೆ?" ಎಂದು ಕೈ ಚೆಲ್ಲಿದರು. ರೇವತಿ ಗೋಡೆಗೆ ಒರಗಿ ನಿಂತು ಎಲ್ಲ ಕೇಳುತ್ತಿದ್ದಳು. ಅಳಲಿಲ್ಲ. "ಹೋಗೋಣ ಅಕ್ಕ. ಮಧ್ಯಾಹ್ನದ ಬಸ್ಸು ಇದೆ" ಎಂದಳು. ಎನಗ ಒಳಗ ಹೋಗಬೇಕು ಎಂದವಳು ಬಸ್ಸಿನ ಮಾತಾಡುತ್ತಿದ್ದಳು. 

ಅಷ್ಟರಲ್ಲಿ ಬಾಗಿಲು ತೆರೆದು ಗೌಡರೇ ಹೊರಗೆ ಬಂದರು. ರೇವತಿಯ ಮುಂದೆ ನಿಂತು, "ಯಾವ ಹಟ್ಟಿ ಕೂಸು? ಯಾರ ಮಗಳು?" ಎಂದು ಕೇಳಿದರು. ಅವಳು ಹೇಳಿದಳು. ಗೌಡರು ತಲೆಯಾಡಿಸಿ ಮ್ಯಾನೇಜರ ಕಡೆ ತಿರುಗಿ ತಮಿಳಿನಲ್ಲಿ, "ಈ ಮಗು ನನಗೆ ಏನೂ ಆಗಬೇಕಿಲ್ಲ. ಅವಳ ಊರಿಗೆ ಫೋನ್ ಮಾಡಿ ಬೇಕಾದರೆ ಕೇಳಿಕೊಳ್ಳಿ. ನೀವಿಬ್ಬರೇ ಒಳಗೆ ಕೂತು ಮತ್ತೆ ಕರೆಯಿರಿ. ನಾನು ಬರುವುದಿಲ್ಲ. ಇವಳ ವಿಷಯದಲ್ಲಿ ನನ್ನ ಮಾತೂ ಬೇಡ, ಸಹಿಯೂ ಬೇಡ" ಎಂದರು.

"ಅಧ್ಯಕ್ಷರಿಲ್ಲದೆ ಹೇಗೆ ಸಾರ್?" ಎಂದರು ಮ್ಯಾನೇಜರ್.

"ಅಧ್ಯಕ್ಷರು ಇಲ್ಲೇ ಬೆಂಚಿನ ಮೇಲೆ ಇದ್ದಾರೆ, ಎಲ್ಲಿಗೂ ಹೋಗಿಲ್ಲ" ಎಂದು ಗೌಡರು ಬೆಂಚಿನಲ್ಲಿ ಕೂತು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಮ್ಯಾನೇಜರ್ ಯಾರಿಗೋ ಫೋನ್ ಮಾಡಿದರು. ಕಾದೆವು. ಕೊನೆಗೆ ರೇವತಿಯನ್ನು ಮತ್ತೆ ಒಳಗೆ ಕರೆದರು. ಈ ಸಲ ನಾನು ಬೆನ್ನು ತಟ್ಟಲಿ ಎಂದು ಕಾಯಲಿಲ್ಲ. ಅವಳೇ ಹೋದಳು.

ಗಾಜಿನ ಕಡೆ ನೋಡಲು ಧೈರ್ಯವಿಲ್ಲದೆ ನಾನು ಗೌಡರನ್ನು ಮಾತಿಗೆಳೆದೆ. "ನಾನು ಈ ಮಕ್ಕಳಿಗೆ ಬಾಗಬೇಡಿ, ಬಾಗಬೇಡಿ ಅಂತ ಬಡ್ಕತೀನಿ ಗೌಡ್ರೇ. ಆ ಕೂಸು ಗಾಬ್ರೀಲಿ ಮರೀತು. ತಾವಾದ್ರೂ ಸುಮ್ನೆ ಇದ್ದುಬುಟ್ಟಿದ್ರ ಈ ರಾದ್ಧಾಂತ ಆಯ್ತಿರ್ನಿಲ್ಲ."

ಅವರು ಶಾಲು ಸರಿಮಾಡಿಕೊಂಡರು. "ಸುಮ್ಮನೆ ಇರೋಣ ಅಂತ ನೋಡಿದೆ ಅಮ್ಮ. ಆಗಿಲ್ಲೆ. ಬಾಗಿದ ಮಗುವ ಹಂಗೇ ನಿಲ್ಲಿಸಿ ಪ್ರಶ್ನೆ ಕೇಳೋದಾದರ ಆ ಕುರ್ಚಿ ಎನಗ ಏಕ?"

 ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಆಗ ಕೇಳಿದೆ. ಒಮ್ಮೊಮ್ಮೆ ಮಕ್ಕಳು ನನ್ನ ಮುಂದೆಯೂ ಬಾಗುತ್ತಾರೆ, ನಾನು ಆ ಜನದವಳಲ್ಲ, ಹರಸುವ ಮಾತೂ ಗೊತ್ತಿಲ್ಲ, ಅದಕ್ಕೇ ಗದರಿಬಿಡುತ್ತೇನೆ, ತಪ್ಪಾ ಎಂದೆ. ಗೌಡರು ನಕ್ಕರು. "ಕೈ ಇಡೋ ಮುಂಚೆ ಬಾಗಿದ್ದು ಯಾರ ತಲೆ ಅಂತ ನಾ ಕೇಳಿದೆನಾ? ತಲೆಯೂ ಹಂಗೇ. ಕೈ ಯಾರದು ಅಂತ ಅದು ಕೇಳೋದಿಲ್ಲೆ" ಎಂದರು.

ರೇವತಿ ಹೊರಗೆ ಬರುವ ಹೊತ್ತಿಗೆ ಲಾರಿ ಖಾಲಿಯಾಗಿ ಹೋಗಿತ್ತು. ಆ ಹೊರಗಿನ ಹೆಂಗಸು ಬಾಗಿಲ ತನಕ ಬಂದು, ಮೂರು ತಿಂಗಳು ನೋಡೋಣ ಎಂದು ಹೇಳಿ ಹೋದರು. ಪ್ಯಾಕಿಂಗಿಗೋ ಎಂದು ನಾನು ಕೇಳಿದೆ. "ಇಲ್ಲಮ್ಮ, ಒಳಗಡೆಗೆ" ಎಂದರು. ರೇವತಿ ನನ್ನ ತೋಳು ಹಿಡಿದುಕೊಂಡು ಆಗ ಅತ್ತಳು. ನಾನೂ ಅತ್ತೆ. ಗೌಡರು ಎದ್ದು ಬೇರೆ ಕಡೆ ನೋಡುತ್ತ ನಿಂತಿದ್ದರು. ಮಾರನೆಯ ವರ್ಷ ಅವರು ಅಧ್ಯಕ್ಷರಾಗಿ ಉಳಿಯಲಿಲ್ಲ. ಸದಸ್ಯರಲ್ಲಿ ಕೆಲವರಿಗೆ ಆ ದಿನದ ಸಂಗತಿ ಹಿಡಿಸಿರಲಿಲ್ಲ ಎಂದು ಕೇಳಿದೆ, ನಿಜವೋ ಸುಳ್ಳೋ ತಿಳಿಯದು.

ಆವತ್ತಿನಿಂದ ನನ್ನ ರೀತಿ ಬದಲಾಯಿತು. ಬಾಗಬೇಡ ಎಂದು ಬಡಿದುಕೊಳ್ಳುವುದನ್ನು ಬಿಟ್ಟೆ. ಮಕ್ಕಳ ತಲೆ ಬಾಗುವುದು ಭಯಕ್ಕೆ, ಭಯವಾದಾಗ ಒಂದು ಕೈ ಬೇಕೆನಿಸುತ್ತದೆ. ಅದನ್ನು ಬೆಳಗ್ಗೆಯೇ ಕೊಡಿಸಿಬಿಟ್ಟರೆ ಒಳಗೆ ಹುಡುಕುವುದಿಲ್ಲ. ಹಾಗಾಗಿ ಇಂಟರ್ವ್ಯೂ ದಿನ ಹೊರಡುವ ಮುಂಚೆ ಮನೆಯ ಹಿರಿಯರ ಮುಂದೆ ನಿಂತು, ಅವಸರ ಮಾಡದೆ, ಪೂರ್ತಿ ಹರಸಿಕೊಂಡು ಬರಬೇಕೆಂದು ಹೇಳತೊಡಗಿದೆ. "ಮನೇಲೇ ತಲೆ ಬಾಗಿ ಬಾ ಕೂಸೇ, ಅಲ್ಲಿ ತಲೆ ಎತ್ತು." ಮೇಜರ್ ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಒಂದು ದಿನ ತಾವೇ ಒಬ್ಬ ಹುಡುಗನಿಗೆ, "ಅಜ್ಜನ ಹತ್ತಿರ ಹೋಗಿ ಬಂದ್ಯೋ ಇಲ್ವೋ?" ಎಂದು ಕೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಕೇಳಿಸದವಳ ಹಾಗೆ ಇದ್ದೆ.

ಇಂಟರ್ವ್ಯೂ ಮಾಡುವವರಿಗೂ ಮುಂಚೆಯೇ ಫೋನ್ ಮಾಡಿ ಹೇಳುವುದನ್ನು ರೂಢಿಸಿಕೊಂಡೆ. ಗೂಡಲೂರಿನ ಹುಡುಗ ನಿಮ್ಮನ್ನು ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ ಎಂದರ್ಥ, ಸಲಿಗೆಯಲ್ಲ. ಮೋಯಾರಿನ ಹುಡುಗ ಮಾತಿನ ನಡುವೆ ಸುಮ್ಮನಾದರೆ ಉತ್ತರ ಬಾರದೆ ಅಲ್ಲ, ಕಾಡಿನಂಚಿನಲ್ಲಿ ಬೆಳೆದವರು ಸದ್ದು ಕೇಳಿ ಆಮೇಲೆ ಮಾತಾಡುತ್ತಾರೆ. ಈಚೆಗೆ ಇಂಟರ್ವ್ಯೂ ಫೋನಿನಲ್ಲೇ ಮುಖ ನೋಡಿಕೊಂಡು ನಡೆಯುವುದು ಶುರುವಾದಾಗ ಅಂಥ ಮೋಯಾರಿನ ಹುಡುಗನೊಬ್ಬ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿ ಕೂತಿದ್ದ. ಮಧ್ಯದಲ್ಲಿ ಫೋನಿಗೆ, "ಸಾರ್, ಒಂದ್ ನಿಮ್ಸ. ಆನ ದಾಟ್ತಾ ಅದ" ಎಂದು ಮೆಲ್ಲಗೆ ಹೇಳಿ ಕಲ್ಲಿನಂತೆ ಕೂತನಂತೆ. ಆಚೆಯವರೂ ಉಸಿರು ಬಿಗಿಹಿಡಿದು ಕಾದರಂತೆ. ಅವನಿಗೆ ಕೆಲಸ ಸಿಕ್ಕಿತು. ಇದರಿಂದ ಏನು ಕಲಿಯಬೇಕೆಂದು ನನ್ನನ್ನು ಕೇಳಬೇಡಿ, ಎಲ್ಲರಿಗೂ ಆನೆ ಒದಗಿಸಲು ನಮ್ಮಿಂದಾಗದು.

ಕೆಲಸ ಸಿಕ್ಕರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಅರ್ಧ ಕೆಲಸ ಅಲ್ಲಿಂದ ಶುರು. ರೇವತಿ ಮೊದಲ ತಿಂಗಳು ಪ್ರತಿ ಶನಿವಾರ ಸಪ್ಪೆ ಮುಖ ಹೊತ್ತು ಬರುತ್ತಿದ್ದಳು. ಒಳಗೆ ಟೀ ಹದ ನೋಡುವ ಹಳೆಯ ಟೀ ಮೇಕರ್, ಬಡಗರ ಮುದುಕರೊಬ್ಬರು, ಅವಳಿಗೆ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಎದುರು ಬಂದರೆ ಬೆನ್ನು ತಿರುಗಿಸುತ್ತಿದ್ದರು. ನಾನು ದೊಡ್ಡದಾಗಿ, "ಮ್ಯಾನೇಜರ ಮುಂದೆಯೇ ನೇರವಾಗಿ ಕೇಳು, ಕಲಿಯುವುದು ನಿನ್ನ ಹಕ್ಕು" ಎಂದು ಬುದ್ಧಿ ಹೇಳಿದೆ. ಕೇಳಿದಳು. ಅವರು ಮೊದಲು ಬೆನ್ನು ತೋರಿಸುತ್ತಿದ್ದವರು ಆಮೇಲೆ ಕೋಣೆಯನ್ನೇ ಬಿಟ್ಟು ಹೋಗತೊಡಗಿದರು.

ಮುಂದಿನ ಶನಿವಾರ ಅವಳು ನಗುತ್ತ ಬಂದಳು. "ಏನ್ ಮಾಡ್ದೆ ಕೂಸೇ?" ಎಂದೆ.

"ನಿಂಗ ಬೇಡ ಅಂದದ್ದನ್ನೇ ಮಾಡಿದೆ ಅಕ್ಕ. ಬೆಳಗ್ಗೆ ಅವರು ಬರೋ ಬಾಗಿಲಲ್ಲಿ ನಿಂತು ತಲೆ ಬಾಗಿದೆ. ದಾಟಿ ಹೋಗೋಕೆ ಆಗಿಲ್ಲೆ ಅವರಿಗೆ. ಕೈ ಇಟ್ಟರು. ಹರಸಿದ ಮೇಲೆ ಹೇಳಿಕೊಡದೆ ಎಲ್ಲಿಗ ಹೋಗುತ್ತಾರೆ?"

ಬೇರೆಯವರು ಬಾಗುವುದು ಸೋಲು ಎಂದುಕೊಳ್ಳಲಿ. ಆ ಹುಡುಗಿ ತಾನು ಬಾಗಿ ಒಬ್ಬ ಹಟಮಾರಿ ಮುದುಕನನ್ನು ಗುರು ಮಾಡಿಕೊಂಡಳು. ಎಲೆ ಎಷ್ಟು ಬಾಡಿದರೆ ಸಾಕು, ಎಷ್ಟು ಅರೆದರೆ ಹದ ಎಂದು ಅವರು ಬಿಟ್ಟೂಬಿಡದೆ ಕಲಿಸಿದರು. ಹಲವು ವರ್ಷ ಅವಳು ಅಲ್ಲೇ ಇದ್ದಳು. ಅವಳ ಹೆತ್ತೆಯನ್ನು ಒಂದು ದಿನ ಕರೆದುಕೊಂಡು ಹೋಗಿ ಒಳಗೆಲ್ಲ ತೋರಿಸಿದಳು. ತಲೆಗೆ ಬಿಳಿ ಬಟ್ಟೆ ಕಟ್ಟಿದ ಆ ಅಜ್ಜಿ ಬಿಸಿ ಟೀಪುಡಿಯನ್ನು ಅಂಗೈಗೆ ಹಾಕಿಕೊಂಡು, "ಇಷ್ಟೇನಾ?" ಎಂದಳಂತೆ.

ನನ್ನ ನಿವೃತ್ತಿಯ ವರ್ಷ ಬಂತು. ಮೇಜರ್ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ನನ್ನ ಜಾಗಕ್ಕೆ ಒಬ್ಬರನ್ನು ಆರಿಸಲು ಟ್ರಸ್ಟಿನ ಇಬ್ಬರು ಕೂತರು, ಜೊತೆಗೆ ನನ್ನನ್ನೂ ಕೂರಿಸಿದರು. ಜೀವಮಾನವೆಲ್ಲ ಬಾಗಿಲ ಹೊರಗೆ ಕೂತವಳಿಗೆ ಮೇಜಿನ ಆಚೆ ಕೂರುವುದು ಒಗ್ಗಲಿಲ್ಲ. ಒಬ್ಬೊಬ್ಬರೂ ಬಂದು ಹೋಗುತ್ತಿದ್ದರು. ನಡುವೆ ಬಾಗಿಲು ತೆರೆದುಕೊಂಡಿತು, ರೇವತಿ ಒಳಗೆ ಬಂದಳು.

ಅರ್ಜಿ ಹಾಕಿದ್ದನ್ನು ನನಗೆ ಹೇಳಿಯೇ ಇರಲಿಲ್ಲ. ಹೇಳದೆ ಇದ್ದದ್ದು ಸರಿ. ಬೆನ್ನು ನೇರ, ತಲೆ ಮೇಲೆ. ಮೂವರಿಗೂ ಒಂದೇ ಥರ ಕೈ ಮುಗಿದಳು. ನನ್ನನ್ನು ಹಿಂದೆಂದೂ ಕಾಣದವಳ ಹಾಗೆ ನೋಡಿದಳು. ಅದನ್ನು ಕಲಿಸಿದವಳು ನಾನೇ. ಆದರೂ ಆ ತಲೆ ಬಾಗದ್ದು ಕಂಡು ನನಗೆ ಒಂದು ಗಳಿಗೆ ಸಣ್ಣಗೆ ನೋವಾಯಿತು. ಹೌದು, ಆಯಿತು. ಮುಚ್ಚಿಟ್ಟು ಏನು ಮಾಡಲಿ?

ನಾನು ಎದ್ದು ನಿಂತೆ. "ಈ ಹುಡುಗಿ ನನಗೆ ಗೊತ್ತು. ಅವಳ ಇಂಟರ್ವ್ಯೂ ದಿನ ನಾನು ಬೆಂಚಿನ ಮೇಲೆ ಅತ್ತಿದ್ದೇನೆ. ನೀವಿಬ್ಬರೇ ಕೇಳಿ, ಇವಳ ವಿಷಯದಲ್ಲಿ ನನ್ನ ಮಾತು ಬೇಡ" ಎಂದು ಹೊರಗೆ ಬಂದೆ. ಗೌಡರ ನೆನಪಾಯಿತು.

ಹೊರಗೆ ಅದೇ ಹಳೆಯ ಬೆಂಚು, ಕೆಳಗಿನಿಂದ ಅದೇ ವರ್ಕಿ ವಾಸನೆ. ಒಳಗಿನ ಮಾತು ಗೋಡೆಯಾಚೆಯಿಂದ ತುಂಡು ತುಂಡಾಗಿ ಕೇಳುತ್ತಿತ್ತು. ಇರುವ ಕೆಲಸ ಬಿಟ್ಟು ಇದಕ್ಕೇಕೆ ಬರುತ್ತೀರಿ ಎಂದು ಒಬ್ಬರು ಕೇಳಿದರು. "ನಮ್ಮ ಫ್ಯಾಕ್ಟರಿಗೆ ಹೊಸದಾಗಿ ಹುಡುಗಿಯರು ಕೆಲಸ ಕೇಳೋಕೆ ಬಂದರು. ಬಾಗಿಲಲ್ಲಿ ನಿಂತು ನಡುಗುತ್ತಿದ್ದರು. ಅವರ ಜೊತೆ ಹೊರಗೆ ಕೂರೋಕೆ ಯಾರೂ ಇರಲಿಲ್ಲ" ಎಂದಳು ರೇವತಿ. ನನ್ನ ಅವ್ವ ಇದ್ದಿದ್ದರೆ ಅಂಗಾದ್ರ ಸರಿ ಬುಡು ಎನ್ನುತ್ತಿದ್ದಳು.

ಬಾಗಿಲು ತೆರೆಯಿತು. ರೇವತಿ ಬಂದು ನನ್ನ ಮುಂದೆ ನಿಂತಳು.

"ಚೆನ್ನಾಗಾಯ್ತಾ ಕೂಸೇ?"

"ಆಯ್ತು ಅಕ್ಕ. ಬೆಳಗ್ಗೆ ಮನೇಲಿ ಬಾಗಿ ಬರೋಕೆ ಯಾರೂ ಇಲ್ಲೆ. ಹೆತ್ತೆ ತೀರಿಹೋದಳಲ್ಲ. ಅವ್ವೆ ಅಕ್ಕನ ಬಾಣಂತನಕ್ಕೆ ತಿರುಪ್ಪೂರಿಗೆ ಹೋಗಿದ್ದಾಳೆ. ಒಳಗ ನಿಂಗ ಕೂತಿದ್ದಿರಿ. ತಡಕೊಂಡೆ."

ಹಾಗೆಂದು ತಲೆ ಬಾಗಿಸಿದಳು.

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಕೂದಲು ಮಂಜಿಗೆ ಒದ್ದೆಯಾಗಿ ತಣ್ಣಗಿತ್ತು. ಕೈಯೇನೋ ಇಟ್ಟೆ. ಆ ಹಿರಿಯರು ಹೇಳುವ ಉದ್ದನೆಯ ಹಾರೈಕೆ ನನಗೆ ಬಾರದು. "ನಿಧಾನಕ್ಕ ಮಾತಾಡು ಕೂಸೇ" ಎಂದುಬಿಟ್ಟೆ.

"ಮಾತೆಲ್ಲ ಒಳಗೇ ಮುಗೀತು ಅಕ್ಕ" ಎಂದಳು ಬಾಗಿದಲ್ಲಿಂದಲೇ. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಅಲುಗುತ್ತಿತ್ತು.

"ಮತ್ತೇನ್ ಹೇಳ್ಲಿ? ನಂಗ ಬರಲ್ಲ ಕಣೇ."

"ಏನಾದರೂ ಹೇಳಿ. ನಿಂಗ ಹೇಳದೆ ನಾ ಏಳೋದಿಲ್ಲೆ."

ಅವಳ ತಲೆಯ ಮೇಲೆ ಕೈ ಒತ್ತಿ, ಜೀವಮಾನವಿಡೀ ಆಡಿದ ಆ ಒಂದೇ ಮಾತನ್ನು ಮೊದಲ ಸಲ ಗದರದೆ ಹೇಳಿದೆ.

"ತಲೆ ಎತ್ತು, ಕೂಸೇ."

ಎತ್ತಿದಳು.